ಕಷ್ಟವಾದದ್ದೆಲ್ಲ ನಿಜವಲ್ಲ: ರ‍್ಯಾಲಿ ಆಟಗಳಲ್ಲಿ ಕಾರು ನನ್ನ ಕೈಗೆ ಬಂದ ಬಗೆ

ರ‍್ಯಾಲಿ ವಿಡಿಯೊ ಆಟಗಳ ವಿಚಾರ ಎತ್ತಿದರೆ ಸಾಕು, ಯಾರಾದರೊಬ್ಬರು ಹೇಳುತ್ತಾರೆ: ‘ಆ ಆಟ ಬಹಳ ಕಷ್ಟ, ಅದಕ್ಕೇ ಅದು ನಿಜಕ್ಕೆ ಹತ್ತಿರ.’ ನಾನು ಇದನ್ನು ಒಪ್ಪುವುದಿಲ್ಲ. ಮುಟ್ಟಿದರೆ ಜಾರುವ, ಪ್ರತಿ ತಿರುವಿನಲ್ಲೂ ಗಿರಗಿರ ತಿರುಗಿ ಮರಕ್ಕೆ ಗುದ್ದುವ ಕಾರು ನೈಜವಾದ ಕಾರಲ್ಲ. ನಿಜವಾದ ರ‍್ಯಾಲಿ ಕಾರಿನ ಟೈರು, ಸಸ್ಪೆನ್ಷನ್, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಎಲ್ಲವೂ ಇರುವುದೇ ನೆಲವನ್ನು ಬಿಡದೆ ಹಿಡಿದುಕೊಳ್ಳಲಿಕ್ಕೆ. ಒಂದು ಆಟ ನಿಜಕ್ಕೆ ಹತ್ತಿರವೋ ಅಲ್ಲವೋ ಎಂದು ತೀರ್ಮಾನಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಹಿಡಿತ ತಪ್ಪುವುದಕ್ಕೆ ಮುಂಚೆ ಈ ಕಾರು ನನಗೆ ಸೂಚನೆ ಕೊಡುತ್ತದೆಯೇ?

ಈ ಪ್ರಶ್ನೆ ಹುಟ್ಟಿದ್ದು ಪರದೆಯ ಮುಂದೆ ಅಲ್ಲ, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಅಲ್ಲಿ ನಡೆಯುತ್ತಿದ್ದಾಗ ತೋಟದ ರಸ್ತೆಯ ತಿರುವೊಂದರ ಮೇಲಿನ ದಿಣ್ಣೆಯಲ್ಲಿ ನಿಂತು ನೋಡಿದ್ದೇನೆ. ಆ ಚಾಂಪಿಯನ್‌ಷಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ ಅವರ ಸ್ಕೋಡಾ ಫೇಬಿಯಾ ಬಂದಾಗ ನಾನು ನಿರೀಕ್ಷಿಸಿದ್ದು ದೊಡ್ಡ ಜಾರಾಟವನ್ನು. ಆದದ್ದೇ ಬೇರೆ. ಇನ್ನು ಬ್ರೇಕ್ ಹಾಕಲು ಜಾಗವೇ ಇಲ್ಲ ಅನ್ನಿಸುವಷ್ಟು ಹತ್ತಿರ ಬಂದ ಮೇಲೆ ಕಾರಿನ ಮೂತಿ ಕೆಳಗೆ ಕುಕ್ಕಿತು, ತಿರುವು ಶುರುವಾಗುವ ಮುಂಚೆಯೇ ಕಾರು ಅರ್ಧ ತಿರುಗಿತ್ತು, ಮುಂದಿನ ಕ್ಷಣ ನೇರವಾಗಿ ಹೊರಟೇಹೋಯಿತು. ಅದರ ಹಿಂದೆ ಬಂದ ಎಷ್ಟೋ ಕಾರುಗಳು ಅಡ್ಡಡ್ಡ ಜಾರಿ ಕೆಂಧೂಳು ಎಬ್ಬಿಸಿದವು, ಜನ ಶಿಳ್ಳೆ ಹಾಕಿದರು. ವೇಗ ಮಾತ್ರ ಮೊದಲಿನದರಲ್ಲೇ ಇತ್ತು. ಮಣ್ಣಿನ ರಸ್ತೆಯಲ್ಲಿ ಅಷ್ಟೊಂದು ಹಿಡಿತ ಇರುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ನನ್ನ ಆಟದ ರೀತಿಯೇ ಬದಲಾಯಿತು.

ಮನೆಯಲ್ಲಿ ನಾನು ಹೆಚ್ಚಾಗಿ ಆಡುವುದು ‘ರಿಚರ್ಡ್ ಬರ್ನ್ಸ್ ರ‍್ಯಾಲಿ’. 2004ರ ಆಟ ಅದು. 2001ರ ವಿಶ್ವ ರ‍್ಯಾಲಿ ಚಾಂಪಿಯನ್ ಆಗಿದ್ದ ಬ್ರಿಟನ್ನಿನ ರಿಚರ್ಡ್ ಬರ್ನ್ಸ್ ಅವರ ಹೆಸರಿನಲ್ಲಿ ವಾರ್ಟ್‌ಹಾಗ್ ಎಂಬ ಸಂಸ್ಥೆ ಅದನ್ನು ತಯಾರಿಸಿತು. ಅವರ ಸಹಚಾಲಕ ರಾಬರ್ಟ್ ರೀಡ್ ಅವರೇ ಆಟದಲ್ಲೂ ಪೇಸ್‌ನೋಟ್, ಎಂದರೆ ಮುಂದೆ ಬರುವ ತಿರುವುಗಳ ವಿವರ, ಓದುತ್ತಾರೆ. ಬರ್ನ್ಸ್ 2005ರ ನವೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರಿನ ಆಟ ಮಾತ್ರ ಇಂದಿಗೂ ಬದುಕಿದೆ. ಅಭಿಮಾನಿಗಳು ತಾವಾಗಿಯೇ ಹೊಸ ಕಾರು, ಹೊಸ ಸ್ಟೇಜ್‌ಗಳನ್ನು (ಸಮಯ ಅಳೆದು ಓಡಿಸುವ ರಸ್ತೆಯ ತುಂಡುಗಳನ್ನು) ಸೇರಿಸುತ್ತಾ, ಟೈರು ಮತ್ತು ಡಿಫರೆನ್ಷಿಯಲ್‌ಗಳ ಲೆಕ್ಕವನ್ನೇ ಹೊಸದಾಗಿ ಬರೆಯುತ್ತಾ ಬಂದಿದ್ದಾರೆ. ಚಿತ್ರಗಳು ಹಳತಾಗಿವೆ, ಮರಗಳು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದಂತೆ ಕಾಣುತ್ತವೆ. ಆದರೂ ತೂಕ ಹಿಂದೆ ಮುಂದೆ ಸರಿಯುವುದು ಅದರಲ್ಲಿ ಕೈಗೆ ತಿಳಿಯುವಷ್ಟು ಸ್ಪಷ್ಟವಾಗಿ ನಾನು ಆಡಿದ ಬೇರೆ ಯಾವುದರಲ್ಲೂ ತಿಳಿದಿಲ್ಲ.

ನಾನು ಆರಿಸಿಕೊಂಡದ್ದು ಅದರಲ್ಲಿನ ಕಡಿಮೆ ಶಕ್ತಿಯ ಕಾರೊಂದನ್ನು. ಎಂಜಿ ಝಡ್ಆರ್, ಮುಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಕಾರು. ಸುಬಾರು ಇಂಪ್ರೆಝಾ ಕೈಗೆಟುಕುವಂತಿರುವಾಗ ಇದನ್ನು ಯಾರು ಮುಟ್ಟುತ್ತಾರೆ ಎನ್ನುವವರಿದ್ದಾರೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರಿನಲ್ಲಿ ಆಕ್ಸಲರೇಟರ್ ಒತ್ತಿಯೇ ಎಷ್ಟೋ ಸಂದರ್ಭಗಳಿಂದ ಪಾರಾಗಬಹುದು. ಮುಂಚಕ್ರದ ಕಾರು ಆ ದಾರಿ ಕೊಡುವುದಿಲ್ಲ. ತಿರುವಿಗೆ ಹೇಗೆ ಹೋದೆವು ಎನ್ನುವುದರ ಮೇಲೆಯೇ ಎಲ್ಲ ನಿಂತಿರುತ್ತದೆ. ಕಾರು ಬದಲಿಸದೆ, ಸ್ಟೇಜ್ ಬದಲಿಸದೆ, ಬ್ರಿಟನ್ನಿನ ನಾರ್ಥಂಬರ್‌ಲೆಂಡಿನ ಹಾರ್ವುಡ್ ಫಾರೆಸ್ಟ್ ರಸ್ತೆಯಲ್ಲೇ ಬಹುಕಾಲ ಓಡಿಸಿದೆ. ರಸ್ತೆ ಬಾಯಿಪಾಠವಾದ ಮೇಲೆ ಗಮನವೆಲ್ಲ ಕಾರಿನ ಮೇಲೆ ನಿಲ್ಲುತ್ತದೆ.

ಅದಕ್ಕೂ ಮೊದಲು ಸಲಕರಣೆ ಸರಿಯಾಗಬೇಕಿತ್ತು. ನನ್ನದು ಲಾಜಿಟೆಕ್ ಜಿ29, 900 ಡಿಗ್ರಿ ತಿರುಗುವ ಸ್ಟೀರಿಂಗ್. ರ‍್ಯಾಲಿಗೆ ಅಷ್ಟು ಬೇಡ ಎಂದು 540ಕ್ಕೆ ಇಳಿಸಿದೆ. ಹೇರ್‌ಪಿನ್ ತಿರುವಿನಲ್ಲಿ ಕೈ ಬಿಟ್ಟು ಹಿಡಿಯುವ ಸಂದರ್ಭ ಇದರಿಂದ ಕಡಿಮೆಯಾಗುತ್ತದೆ. ಸ್ಟೀರಿಂಗಿನ ಪ್ರತಿಬಲವನ್ನು, ಎಂದರೆ ಫೋರ್ಸ್ ಫೀಡ್‌ಬ್ಯಾಕ್ ಅನ್ನು, ಪೂರ್ತಿ ಏರಿಸುವುದು ಹಲವರ ಅಭ್ಯಾಸ. ಮೋಟಾರು ತನ್ನ ಮಿತಿ ಮುಟ್ಟಿದ ಮೇಲೆ ಸಣ್ಣ ಗುಂಡಿಯೂ ದೊಡ್ಡ ಬಂಡೆಯೂ ಕೈಗೆ ಒಂದೇ ಆಗಿಬಿಡುತ್ತವೆ. ಬಲ ತಗ್ಗಿಸಿದರೆ ಸ್ಟೀರಿಂಗ್ ಹಗುರ ಅನ್ನಿಸುತ್ತದೆ ನಿಜ, ಆದರೆ ಸಣ್ಣ ವ್ಯತ್ಯಾಸಗಳೆಲ್ಲ ತಿಳಿಯತೊಡಗುತ್ತವೆ. ನಾನು ತಗ್ಗಿಸಿಯೇ ಇಟ್ಟಿದ್ದೇನೆ.

ಇನ್ನೊಂದು ವಿಷಯವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ನೋಟದ ಕೋನ. 60 ಸೆಂಟಿಮೀಟರ್ ಅಗಲದ ಪರದೆಯನ್ನು 70 ಸೆಂಟಿಮೀಟರ್ ದೂರದಿಂದ ನೋಡಿದರೆ ಅದು ನಮ್ಮ ಕಣ್ಣಿನಲ್ಲಿ ತುಂಬುವುದು ಅಡ್ಡಡ್ಡಲಾಗಿ ಸುಮಾರು 46 ಡಿಗ್ರಿ. ಆಟದ ಕ್ಯಾಮೆರಾ ಅದಕ್ಕಿಂತ ಬಹಳ ಅಗಲವಾಗಿದ್ದರೆ ತಿರುವುಗಳೆಲ್ಲ ಇರುವುದಕ್ಕಿಂತ ದೂರ ಕಾಣುತ್ತವೆ, ವೇಗ ಇರುವುದಕ್ಕಿಂತ ಹೆಚ್ಚು ಅನ್ನಿಸುತ್ತದೆ. ಕೋನ ಕಿರಿದು ಮಾಡಿ, ಚಾಲಕನ ಸೀಟಿನ ನೋಟ ಇಟ್ಟುಕೊಂಡ ಮೇಲೆ ಬ್ರೇಕ್ ಹಾಕುವ ಜಾಗ ನನಗೆ ನಿಖರವಾಗಿ ಸಿಗತೊಡಗಿತು. ಮೊದಮೊದಲು ಆಟ ನಿಧಾನವಾದಂತೆ ಕಾಣುತ್ತದೆ. ಸಹಿಸಿಕೊಳ್ಳಬೇಕು.

ಜಲ್ಲಿಮಣ್ಣಿನ ಹಿಡಿತ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಂಡದ್ದು ನನಗೆ ದೊಡ್ಡ ಲಾಭ. ನಮ್ಮ ಕಡೆ ರಸ್ತೆಯ ಮೇಲೆ ಒಕ್ಕಲು ಹಾಕಿದ ಹುರುಳಿಯ ಮೇಲೆ ಬೈಕ್ ಓಡಿಸಿದವರಿಗೆ ಅರ್ಧ ವಿಷಯ ಗೊತ್ತಿದೆ: ಮೇಲಿನ ಪದರ ಸರಿಯುತ್ತದೆ, ಕೆಳಗಿನ ನೆಲ ಗಟ್ಟಿ. ಇನ್ನರ್ಧ ವಿಷಯವೆಂದರೆ, ರ‍್ಯಾಲಿ ಟೈರು ಆ ಮೇಲಿನ ಪದರವನ್ನು ಕೊರೆದು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ. ಚಕ್ರ ಪೂರ್ತಿ ನಿಂತುಬಿಟ್ಟರೂ ಅದರ ಮುಂದೆ ಮಣ್ಣು ಗುಡ್ಡೆಯಾಗಿ ಕಾರನ್ನು ತಡೆಯುತ್ತದೆ. ಹಾಗಾಗಿಯೇ ಸಡಿಲ ಮಣ್ಣಿನಲ್ಲಿ ಚಕ್ರ ನಿಲ್ಲದಂತೆ ತಡೆಯುವ ಎಬಿಎಸ್ ಇದ್ದರೆ ಕಾರು ನಿಲ್ಲುವ ದೂರ ಹೆಚ್ಚಾಗಬಹುದು. ಡಾಂಬರಿನಲ್ಲಿ ಟೈರು ಸ್ವಲ್ಪವೇ ಕೋನದಲ್ಲಿ ಜಾರಿದಾಗ ಅತಿ ಹೆಚ್ಚು ಹಿಡಿತ ಕೊಟ್ಟು ಆಮೇಲೆ ಬಿಟ್ಟುಬಿಡುತ್ತದೆ. ಜಲ್ಲಿಯಲ್ಲಿ ಆ ಕೋನ ದೊಡ್ಡದು, ಹಿಡಿತ ಇಳಿಯುವುದೂ ನಿಧಾನ. ಮಣ್ಣಿನಲ್ಲಿ ಕಾರು ಒಂದಿಷ್ಟು ಅಡ್ಡವಾಗಿಯೇ ಸಾಗುವುದು ಇದರಿಂದ, ಚಾಲಕನ ಶೋಕಿಯಿಂದಲ್ಲ. ಒಂದು ಆಟ ಜಲ್ಲಿಯಲ್ಲೂ ಡಾಂಬರಿನಲ್ಲೂ ಒಂದೇ ರೀತಿ ಹಿಡಿತ ಬಿಡುತ್ತಿದ್ದರೆ ಅದರ ಚಿತ್ರ ಎಷ್ಟೇ ಚೆಂದವಿರಲಿ, ನನಗೆ ಬೇಡ.

ರಾಜ್ಯಮಟ್ಟದ ರ‍್ಯಾಲಿಗಳಲ್ಲಿ ಸಹಚಾಲಕರಾಗಿ ಕೂತಿದ್ದ ಹಿರಿಯ ಸ್ನೇಹಿತರೊಬ್ಬರು ಒಮ್ಮೆ ಮನೆಗೆ ಬಂದಾಗ ನನ್ನ ಕುರ್ಚಿಯಲ್ಲಿ ಕೂತು ಓಡಿಸಿ ನೋಡಿದರು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ, ‘ಕುರ್ಚಿ ಅಲುಗುವುದೇ ಇಲ್ಲವಲ್ಲಪ್ಪ, ಹಿಂದಿನ ಚಕ್ರ ಜಾರಿದ್ದು ನಿನಗೆ ಹೇಗೆ ಗೊತ್ತಾಗುತ್ತದೆ?’ ಎಂದು ಕೇಳಿದರು. ಸರಿಯಾದ ಪ್ರಶ್ನೆ. ನಿಜವಾದ ಕಾರಿನಲ್ಲಿ ಸೊಂಟವೇ ಮೊದಲು ಹೇಳುತ್ತದೆ. ಆಟದಲ್ಲಿ ಆ ಸುದ್ದಿಯೆಲ್ಲ ಕೈಯಿಂದ, ಕಿವಿಯಿಂದ ಬರಬೇಕು. ‘ಸ್ಟೀರಿಂಗ್ ಬಿಗಿಯಾಗಿ ಹಿಡಿಯಬೇಡಿ ಸಾರ್, ಬೆರಳಲ್ಲಿ ಹಿಡಿಯಿರಿ’ ಎಂದೆ. ಹಿಡಿತ ಸಡಿಲಿಸಿದ ಮೇಲೆ ಅವರ ಮುಖದಲ್ಲಿ ಬದಲಾವಣೆ ಕಂಡಿತು.

ಆ ಸುದ್ದಿ ಹೇಗೆ ಬರುತ್ತದೆ ಎಂದು ಒಂದೇ ತಿರುವನ್ನು ಹಿಡಿದು ಹೇಳುತ್ತೇನೆ. ಇಳಿಜಾರಿನ ಕೊನೆಯಲ್ಲಿ ಬಿಗಿಯಾದ ಬಲ ತಿರುವು. ನೇರದಲ್ಲಿರುವಾಗಲೇ ಗಟ್ಟಿಯಾಗಿ ಬ್ರೇಕ್ ಒತ್ತುತ್ತೇನೆ, ಕಾರಿನ ತೂಕ ಮುಂದಿನ ಚಕ್ರಗಳ ಮೇಲೆ ಬಂದು ಕೂರುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಈಗ ಬ್ರೇಕನ್ನು ಒಮ್ಮೆಲೇ ಬಿಟ್ಟರೆ ಆ ತೂಕ ಹಿಂದಕ್ಕೆ ಹೋಗಿ ಮುಂದಿನ ಚಕ್ರಗಳು ನೆಲದ ಮೇಲೆ ತೇಲಿದಂತಾಗುತ್ತವೆ. ಆದ್ದರಿಂದ ಬ್ರೇಕನ್ನು ಮೆಲ್ಲಗೆ, ಸ್ಟೀರಿಂಗ್ ತಿರುಗಿಸಿದಷ್ಟಷ್ಟೇ ಬಿಡುತ್ತಾ ಬರಬೇಕು. ತಿರುಗಿಸುತ್ತಾ ಹೋದಂತೆ ಒಂದು ಹಂತದಲ್ಲಿ ಸ್ಟೀರಿಂಗಿನ ಭಾರ ತಟಕ್ಕನೆ ಇಳಿಯುತ್ತದೆ. ಮುಂದಿನ ಟೈರು ಹಿಡಿತದ ಅಂಚಿಗೆ ಬಂದಿದೆ ಎಂಬುದಕ್ಕೆ ಅದೇ ಗುರುತು, ಜಾರುವುದು ಕಣ್ಣಿಗೆ ಕಾಣುವುದಕ್ಕಿಂತ ಮುಂಚೆಯೇ ಬರುವ ಗುರುತು. ಇನ್ನೂ ತಿರುಗಿಸಿದರೆ ಪ್ರಯೋಜನವಿಲ್ಲ. ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟರೆ ಟೈರು ಮತ್ತೆ ಕಚ್ಚುತ್ತದೆ. ಹಿಂಭಾಗ ಜಾರಿದರೆ ಸ್ಟೀರಿಂಗ್ ತಾನಾಗಿಯೇ ಜಾರುವ ಕಡೆಗೆ ತಿರುಗಲು ಎಳೆಯುತ್ತದೆ. ಅದನ್ನು ತಡೆಯದೆ ಅಂಗೈಯಲ್ಲಿ ಹರಿಯಲು ಬಿಟ್ಟು, ಸರಿಯಾದ ಜಾಗದಲ್ಲಿ ಹಿಡಿದರೆ ಸಾಕು, ಕಾರು ನೇರವಾಗುತ್ತದೆ. ಈ ಎರಡು ಗುರುತುಗಳು ಸ್ಪಷ್ಟವಾಗಿ ಸಿಗುವ ಆಟದಲ್ಲಿ ಕಾರು ಕಷ್ಟವೇ ಅನ್ನಿಸುವುದಿಲ್ಲ.

ಎಡಗಾಲಿನ ಬ್ರೇಕಿಂಗ್ ಬಂದದ್ದು ಇದರ ನಂತರ. ಮುಂಚಕ್ರದ ಕಾರಿನಲ್ಲಿ ಬಲಗಾಲು ಆಕ್ಸಲರೇಟರ್ ಮೇಲೆ ಇದ್ದಂತೆಯೇ ಎಡಗಾಲಿನಿಂದ ಬ್ರೇಕ್ ತಟ್ಟಿದರೆ, ಎಂಜಿನ್ ಎಳೆಯುತ್ತಿರುವ ಮುಂದಿನ ಚಕ್ರಗಳು ತಿರುಗುತ್ತಲೇ ಇರುತ್ತವೆ, ಹಿಂದಿನವು ಮಾತ್ರ ನಿಧಾನಗೊಂಡು ಹಿಡಿತ ಸಡಿಲಿಸುತ್ತವೆ. ಕಾರಿನ ಮೂತಿ ಒಳಕ್ಕೆ ತಿರುಗುತ್ತದೆ. ಎಡಗಾಲಿಗೆ ಮಾತ್ರ ಕ್ಲಚ್‌ನ ಅಭ್ಯಾಸ, ಪೂರ್ತಿ ಒತ್ತಿಯೇ ಬಿಡುತ್ತದೆ. ಅದಕ್ಕೆ ನಾಜೂಕು ಕಲಿಸಲು ನಾನು ವೇಗ ಬಿಟ್ಟು, ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಅದೊಂದನ್ನೇ ಅಭ್ಯಾಸ ಮಾಡಿದೆ. ಪೆಡಲ್ ಎಷ್ಟು ದೂರ ಹೋಯಿತು ಎಂಬುದಕ್ಕಿಂತ ಎಷ್ಟು ಬಲ ಬಿತ್ತು ಎಂಬುದನ್ನು ಅಳೆಯುವ ಬ್ರೇಕ್ ಪೆಡಲ್‌ಗಳು ಬೇರೆ ಸಿಗುತ್ತವೆ. ಕಾಲು ದೂರಕ್ಕಿಂತ ಬಲವನ್ನು ಚೆನ್ನಾಗಿ ನೆನಪಿಡುತ್ತದೆ, ಹಾಗಾಗಿ ಹಣವಿದ್ದವರು ದುಬಾರಿ ಸ್ಟೀರಿಂಗಿಗಿಂತ ಮೊದಲು ಅದನ್ನು ಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ಸಸ್ಪೆನ್ಷನ್ ಹೊಂದಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಲ್ಲಿಗೆ ಮೆತ್ತಗೆ, ಎತ್ತರಕ್ಕೆ. ಡಾಂಬರಿಗೆ ಗಟ್ಟಿ, ತಗ್ಗಿಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಅದೇ ರಸ್ತೆಯಲ್ಲಿ ಓಡಿಸಿ ನೋಡಿದರೆ ಸಾಕು.

ಬೇರೆ ಆಟಗಳಿಂದಲೂ ಕಲಿತದ್ದಿದೆ. 1998ರಲ್ಲಿ ಕೋಡ್‌ಮಾಸ್ಟರ್ಸ್ ತಂದ ‘ಕಾಲಿನ್ ಮ್ಯಾಕ್ರೇ ರ‍್ಯಾಲಿ’ಯಲ್ಲಿ ಮ್ಯಾಕ್ರೇ ಅವರ ಸಹಚಾಲಕ ನಿಕಿ ಗ್ರಿಸ್ಟ್ ಅವರ ಧ್ವನಿಯಲ್ಲಿ ಪೇಸ್‌ನೋಟ್ ಕೇಳಿದ ಒಂದು ತಲೆಮಾರಿಗೆ ರ‍್ಯಾಲಿಯ ಹುಚ್ಚು ಹಿಡಿದದ್ದೇ ಅದರಿಂದ. ಅದೇ ಸಂಸ್ಥೆ 2019ರಲ್ಲಿ ತಂದ ‘ಡರ್ಟ್ ರ‍್ಯಾಲಿ 2.0’ದಲ್ಲಿ ನಮಗಿಂತ ಮುಂಚೆ ಹೋದ ಕಾರುಗಳಿಂದ ರಸ್ತೆ ಕೆಡುತ್ತಾ ಹೋಗುತ್ತದೆ. ನಿಜವಾದ ರ‍್ಯಾಲಿಯಲ್ಲೂ ಒಣ ಜಲ್ಲಿಯಲ್ಲಿ ಮೊದಲು ಹೊರಟವರು ಸಡಿಲ ಜಲ್ಲಿಯನ್ನು ಗುಡಿಸಿದಂತಾಗಿ ಹಿಂದಿನವರಿಗೆ ಗಟ್ಟಿ ನೆಲ ಸಿಗುತ್ತದೆ, ತೀರಾ ಹಿಂದೆ ಬಿದ್ದವರಿಗೆ ಹಳ್ಳ ಬಿದ್ದ ಗಾಲಿಜಾಡು ಸಿಗುತ್ತದೆ. ಜಾಡಿಗೆ ಸಿಕ್ಕಿದ ಕಾರು ತಾನಾಗಿ ಸಾಗುವುದನ್ನೂ ಜಾಡಿನಿಂದ ಹೊರಬರುವಾಗ ಥಟ್ಟನೆ ಎಗರುವುದನ್ನೂ ನಾನು ಕಂಡುಕೊಂಡದ್ದು ಅಲ್ಲಿ. 2023ರ ‘ಇಎ ಸ್ಪೋರ್ಟ್ಸ್ ಡಬ್ಲ್ಯುಆರ್‌ಸಿ’ಯ ಉದ್ದದ ಸ್ಟೇಜ್‌ಗಳು 30 ಕಿಲೋಮೀಟರನ್ನೂ ದಾಟುತ್ತವೆ. ಅಷ್ಟು ದೂರವನ್ನು ಬಾಯಿಪಾಠ ಮಾಡಲಾಗುವುದಿಲ್ಲ, ಸಹಚಾಲಕನ ಮಾತನ್ನು ನಂಬಲೇಬೇಕು. ‘ಬಲ ನಾಲ್ಕು’ ಎಂದು, ಎಂದರೆ ತಿರುವಿನ ದಿಕ್ಕು ಮತ್ತು ಅದು ಎಷ್ಟು ಬಿಗಿ ಎಂಬುದು, ಕಿವಿಗೆ ಬಿದ್ದ ತಕ್ಷಣ ಆ ತಿರುವು ಕಾಣುವ ಮುಂಚೆಯೇ ಕಾರನ್ನು ಅದಕ್ಕೆ ಹೊಂದಿಸುವ ಅಭ್ಯಾಸ ನನಗೆ ಬಂದದ್ದು ಈ ಉದ್ದದ ಸ್ಟೇಜ್‌ಗಳಲ್ಲೇ.

ಈಗ ಹಿಂಚಕ್ರಕ್ಕೆ ಶಕ್ತಿ ಹೋಗುವ ಹಳೆಯ ಫೋರ್ಡ್ ಎಸ್ಕಾರ್ಟ್ ಮಾರ್ಕ್ 2 ಜೊತೆ ಡಾಂಬರಿನ ಮೇಲೆ ಕೂತಿದ್ದೇನೆ. ಬ್ರೇಕಿನ ಬಲ ಮುಂದಕ್ಕೆ ಹೆಚ್ಚು ಹಂಚಿದರೆ ಕಾರು ನೇರಕ್ಕೆ ಹೋಗುತ್ತದೆ, ಹಿಂದಕ್ಕೆ ಹೆಚ್ಚಿದರೆ ತಿರುವಿನ ಬಾಯಲ್ಲೇ ತಿರುಗಿ ನಿಲ್ಲುತ್ತದೆ. ನಡುವೆ ಎಲ್ಲೋ ಒಂದು ಹದವಿದೆ. ಮಳೆ ಬಿದ್ದ ರಸ್ತೆಯಲ್ಲಿ ಹಂಚಿಕೆಯನ್ನು ಹಿಂದಕ್ಕೆ ಸ್ವಲ್ಪ ಸರಿಸಿದರೆ ಅದು ಸಿಗುತ್ತದೆ ಎಂಬಲ್ಲಿಗೆ ಬಂದಿದ್ದೇನೆ. ಒಣ ರಸ್ತೆಯ ಲೆಕ್ಕ ಬೇರೆ, ಅದನ್ನು ಇನ್ನು ಹಿಡಿಯಬೇಕು.