ಡಾಲರಿನ ಚಿಲ್ಲರೆಯಲ್ಲಿ ಭಿನ್ನರಾಶಿ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದ ಅಜ್ಜ-ಅಜ್ಜಿಯರು ಮೊಮ್ಮಕ್ಕಳಿಗೆ ಗಣಿತ ಹೇಳಿಕೊಡಲು ಕುಳಿತರೆ ತಡವರಿಸುವುದು ನಾಣ್ಯಗಳ ಲೆಕ್ಕದಲ್ಲಿ. ಭಿನ್ನರಾಶಿ ಗೊತ್ತು, ನಾಣ್ಯ ಗೊತ್ತಿಲ್ಲ. ಡೈಮ್ ಮೇಲೆ ‘ಒನ್ ಡೈಮ್’ ಎಂದಷ್ಟೇ ಅಚ್ಚಾಗಿರುತ್ತದೆ, ಎಷ್ಟು ಸೆಂಟ್ ಎಂಬ ಸುಳಿವಿಲ್ಲ. ಸಾಲದ್ದಕ್ಕೆ ಹತ್ತು ಸೆಂಟ್ ಬೆಲೆಯ ಈ ಡೈಮ್, ಐದು ಸೆಂಟಿನ ನಿಕಲ್‌ಗಿಂತ, ಅಷ್ಟೇಕೆ, ಒಂದು ಸೆಂಟಿನ ಪೆನ್ನಿಗಿಂತಲೂ ಚಿಕ್ಕದು. ಗಾತ್ರ ನೋಡಿ ಬೆಲೆ ಕಟ್ಟಬೇಡಿ.

ಮೊದಲು ಛೇದ ಹುಡುಕಿ. ಇಂಥ ಎಷ್ಟು ನಾಣ್ಯ ಸೇರಿದರೆ ಒಂದು ಡಾಲರ್ ಆಗುತ್ತದೆ? ಆ ಸಂಖ್ಯೆಯೇ ಛೇದ. ಡಾಲರಿಗೆ 100 ಸೆಂಟ್. ಹಾಗಾಗಿ ಪೆನ್ನಿ 1/100, ನಿಕಲ್ 1/20, ಡೈಮ್ 1/10, 25 ಸೆಂಟಿನ ಕ್ವಾರ್ಟರ್ 1/4. ಅರ್ಧ ಡಾಲರಿನ ನಾಣ್ಯವೂ ಇದೆ, ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಅದು ಕಾಣುವುದು ಅಪರೂಪ. ಚಲಾವಣೆಗೆಂದು ಪೆನ್ನಿ ಅಚ್ಚು ಹಾಕುವುದು 2025ರ ನವೆಂಬರ್‌ನಲ್ಲಿ ನಿಂತಿತು. ಹಳೆಯ ಪೆನ್ನಿಗಳು ಈಗಲೂ ಸಲ್ಲುತ್ತವೆ.

ಮಕ್ಕಳು ಎಡವುವುದು ನಿಕಲ್ ಬಳಿ. ಐದು ಸೆಂಟ್ ಎಂದೊಡನೆ 1/5 ಎಂದು ಬರೆದುಬಿಡುತ್ತಾರೆ. ತಿದ್ದಲು ಹೋಗಬೇಡಿ, ಐದು ನಿಕಲ್‌ಗಳನ್ನು ಮೇಜಿನ ಮೇಲಿಟ್ಟು ‘ಡಾಲರ್ ಆಯಿತೇ?’ ಎಂದು ಕೇಳಿ. ಎಣಿಸಿದರೆ 25 ಸೆಂಟ್. ಡಾಲರ್ ಆಗುವವರೆಗೆ ಇಡುತ್ತಾ ಹೋದರೆ ಇಪ್ಪತ್ತಕ್ಕೆ ಮಗುವೇ ನಿಲ್ಲುತ್ತದೆ.

ಎರಡನೆಯದು ಅಂಶ. ಕೈಯಲ್ಲಿ ಅಂಥ ನಾಣ್ಯ ಎಷ್ಟಿದೆಯೋ ಅದೇ ಅಂಶ. 15 ನಿಕಲ್ ಇದ್ದರೆ 15/20.

ಮೂರನೆಯದು ಸಂಕ್ಷೇಪ. ಶಾಲೆಯಲ್ಲಿ ಅಂಶವನ್ನೂ ಛೇದವನ್ನೂ ಐದರಿಂದ ಭಾಗಿಸಿ 3/4 ಎನ್ನುತ್ತಾರೆ; ಯಾಕೆ ಭಾಗಿಸಬೇಕು ಎಂಬುದು ಮಗುವಿಗೆ ಹೊಳೆಯುವುದಿಲ್ಲ. ನಾಣ್ಯದಲ್ಲಿ ಅದು ಬರೀ ಚಿಲ್ಲರೆ ಬದಲಾವಣೆ. ಐದು ನಿಕಲ್ ಕೊಟ್ಟು ಒಂದು ಕ್ವಾರ್ಟರ್ ತೆಗೆದುಕೊಳ್ಳಿ, ಹದಿನೈದೂ ಮುಗಿಯುವ ಹೊತ್ತಿಗೆ ಕೈಯಲ್ಲಿ ಮೂರು ಕ್ವಾರ್ಟರ್. ಹಣ ಅಷ್ಟೇ, ಜೇಬು ಹಗುರ. ಈ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗಂತೂ ಗೊತ್ತಿಲ್ಲ.

ಬೇರೆ ಬೇರೆ ನಾಣ್ಯ ಬೆರೆತಾಗ ಸಾಮಾನ್ಯ ಛೇದ ಬೇಕು. ಎರಡು ಕ್ವಾರ್ಟರ್, ಮೂರು ಡೈಮ್, ಒಂದು ನಿಕಲ್ ಇವೆ ಎನ್ನಿ. ಎಲ್ಲವನ್ನೂ ನಿಕಲ್ ಲೆಕ್ಕಕ್ಕೆ ತನ್ನಿ: 10/20, 6/20, 1/20. ಒಟ್ಟು 17/20 ಡಾಲರ್, ಅಂದರೆ 85 ಸೆಂಟ್. ಪೆನ್ನಿ ಇಲ್ಲದಿದ್ದರೆ ಛೇದ 20 ಸಾಕು. ಒಂದೇ ಒಂದು ಪೆನ್ನಿ ಸೇರಿದರೂ 100ಕ್ಕೆ ಹೋಗಬೇಕು. ಆಗ ಇದೇ ಮೊತ್ತ 86/100, ಸಂಕ್ಷೇಪಿಸಿದರೆ 43/50. ಏಳು ಕ್ವಾರ್ಟರ್ ಇದ್ದರೆ 7/4, ಒಂದೂಮುಕ್ಕಾಲು ಡಾಲರ್.

ಕೊನೆಗೊಂದು ತರಲೆ ಪ್ರಶ್ನೆ: ಒಂದು ಡಾಲರನ್ನು ಮೂವರಿಗೆ ಸಮನಾಗಿ ಹಂಚಿ. ತಲಾ 33 ಸೆಂಟ್ ಕೊಟ್ಟರೂ ಒಂದು ಪೆನ್ನಿ ಉಳಿಯುತ್ತದೆ, 1/3ಕ್ಕೆ ಯಾವ ನಾಣ್ಯವೂ ಒಗ್ಗುವುದಿಲ್ಲ. ದಶಮಾಂಶ ಪದ್ಧತಿ ಜಾರಿಗೆ ಬಂದ 1957ರ ಏಪ್ರಿಲ್ 1ಕ್ಕೆ ಮುಂಚಿನ ನಮ್ಮ ರೂಪಾಯಿಗೆ ಈ ತೊಡಕಿರಲಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಮೂವರಿಗೆ ಹಂಚಿದರೆ ತಲಾ 64 ಪೈ, ಅಂದರೆ ಐದು ಆಣೆ ನಾಲ್ಕು ಪೈ.