ಮರ ಕಪಾತಿಗೆ ಸರ್ಟಿಫಿಕೇಟು: ಪರೀಕ್ಷೆ ಈ ವರ್ಷ, ರಿಸಲ್ಟು ಮುಂದಿನ ವರ್ಷ

ಕಾಫಿ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಕಡಿಯುವ ಕಪಾತಿನವರಿಗೆ ಒಂದು ದಿನ ತರಬೇತಿ ಕೊಟ್ಟು, ಫೋಟೊ ತೆಗೆಸಿ, ಸರ್ಟಿಫಿಕೇಟು ಹಂಚಿದರೆ ಕೆಲಸ ಸುಧಾರಿಸುವುದಿಲ್ಲ. ಹೊರದೇಶಗಳಲ್ಲಿ ಐಎಸ್‌ಎ (ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬರಿಕಲ್ಚರ್) ಸಂಸ್ಥೆ ಕೊಡುವ ಆರ್ಬರಿಸ್ಟ್, ಅಂದರೆ ಮರದ ಆರೈಕೆ ಬಲ್ಲವನ, ಪ್ರಮಾಣಪತ್ರ ಮೂರೇ ವರ್ಷದ್ದು. ಅದನ್ನು ನವೀಕರಿಸಲು ಅಷ್ಟರೊಳಗೆ 30 ಕಲಿಕಾ ಅಂಕ ಕೂಡಿಸಬೇಕು, ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು. ಅರ್ಹತೆಗೂ ಕೊನೆಯ ತಾರೀಕು ಇರಬೇಕೆಂಬ ಆ ಒಂದು ಮಾತನ್ನು ನಮ್ಮದೇ ಸರ್ಟಿಫಿಕೇಟಿಗೆ ನಾವು ಅಲ್ಲಿಂದ ತೆಗೆದುಕೊಂಡೆವು. ಮಿಕ್ಕದ್ದೆಲ್ಲ ಇಲ್ಲಿನ ಮರ, ಇಲ್ಲಿನ ಆಳುಗಳಿಗೆ ಹೊಂದುವಂತೆ ಮಾಡಿಕೊಂಡದ್ದು.

ದರ್ಜೆ ಮೂರು: ನೆಲದಾಳು, ಮರ ಹತ್ತುವವನು, ಮೇಸ್ತ್ರಿ. ಬರವಣಿಗೆ ಪರೀಕ್ಷೆ ಇಡಲಿಲ್ಲ. ಇಟ್ಟರೆ ಒಳ್ಳೆಯ ಕೈಗಳೇ ಫೇಲಾಗುತ್ತವೆ, ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬನೇ ಪಾಸಾಗುತ್ತಾನೆ. ಅದರ ಬದಲು ಕೈಗೆ ಒಂದು ಸೀಮೆಸುಣ್ಣ ಕೊಟ್ಟು, ಗರಗಸ ಎಲ್ಲಿ ಇಡುತ್ತೀಯ ಗೆರೆ ಎಳೆ ಎನ್ನುತ್ತೇವೆ. ಅರ್ಧ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ.

ಕೊಂಬೆ ಕಾಂಡಕ್ಕೆ ಕೂಡುವ ಕಡೆ ತೊಗಟೆ ಉಬ್ಬಿ ಸುಕ್ಕುಗಟ್ಟಿರುತ್ತದೆ, ಅಂಗಿಯ ಕಾಲರ್ ಇದ್ದ ಹಾಗೆ. ಗೆರೆ ಆ ಉಬ್ಬಿನ ಹೊರಗೇ ಬೀಳಬೇಕು. ಮಣಿಕಟ್ಟಿಗಿಂತ ದಪ್ಪದ ಕೊಂಬೆಗೆ ಮೂರು ಕೊಯ್ತ: ಕಾಂಡದಿಂದ ಸುಮಾರು ಒಂದು ಅಡಿ ಬಿಟ್ಟು ಕೆಳಗಿನಿಂದ ಕಾಲು ಭಾಗ, ಅಲ್ಲಿಂದ ಎರಡು ಇಂಚು ಆಚೆ ಮೇಲಿನಿಂದ ಪೂರ್ತಿ, ಆಮೇಲೆ ಉಳಿದ ಮೋಟನ್ನು ಕಾಲರ್‌ನ ಹೊರಗೆ. ಮೊದಲ ಕೊಯ್ತ ಬಿಟ್ಟರೆ ಬೀಳುವ ಕೊಂಬೆ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ, ಆ ಕಾಂಡಕ್ಕೆ ಮೆಣಸು ಹಬ್ಬಿದ್ದರೆ ಬಳ್ಳಿಯೂ ಹೋಯಿತು. ಕತ್ತಿಯಲ್ಲಿ ಕಡಿದರೆ ಗಾಯ ಜಜ್ಜಿಹೋಗುತ್ತದೆ. ದಪ್ಪ ಕೊಂಬೆಗೆ ಬಾಗಿದ ಕೈಗರಗಸವೇ ಸರಿ. ಗಾಯಕ್ಕೆ ಟಾರು ಬಳಿಯುವ ಅಭ್ಯಾಸ ಬಿಡಿಸುವುದು ಎಲ್ಲಕ್ಕಿಂತ ಕಷ್ಟದ ಪಾಠ. ಮರ ಕೊಳೆಯನ್ನು ಒಳಗಿನಿಂದಲೇ ಗೋಡೆ ಕಟ್ಟಿ ತಡೆಯುತ್ತದೆ, ಟಾರಿನಿಂದ ಕೊಳೆ ನಿಲ್ಲುವುದಿಲ್ಲ ಎಂದು ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರ ಸೀಳಿ ನೋಡಿ ತೋರಿಸಿ ದಶಕಗಳೇ ಆದವು.

ಹಾಲುವಾಣವನ್ನು ವರ್ಷವೂ ಬೋಳಿಸಿದರೂ ಚಿಗುರುತ್ತದೆ. ಅದೇ ಕೈ ಅತ್ತಿ, ಹಲಸಿನ ಮೇಲೆ ಓಡಬಾರದು. ಒಂದು ವರ್ಷಕ್ಕೆ ಹಸಿರಿನ ಕಾಲು ಭಾಗ ಮಿತಿ. ಸಿಲ್ವರ್ ಓಕಿನ ತಲೆ ಕಡಿದರೆ ಗಾಯದ ಸುತ್ತ ಬರುವ ಚಿಗುರು ಮೇಲ್ಮೇಲೆ ಅಂಟಿಕೊಂಡಿರುತ್ತದೆ, ದಪ್ಪವಾದ ಮೇಲೆ ಗಾಳಿಗೆ ಕಿತ್ತು ಬರುತ್ತದೆ. ಅರೇಬಿಕಾ ತೋಟದಲ್ಲಿ ಇನ್ನೊಂದು ಲೆಕ್ಕವಿದೆ. ಕಾಫಿ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಆಗ ನೆರಳು ತೀರಾ ತೆಗೆದು ಗಿಡಕ್ಕೆ ಬಿಸಿಲು ಬೀಳಿಸಿದರೆ ಕೊರಕಕ್ಕೆ ನಾವೇ ಕರೆ ಕಳಿಸಿದಂತೆ. ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂದು ಹೇಳಬಲ್ಲವನೇ ಮೇಸ್ತ್ರಿ. ಯಾವ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು ಎಂಬುದೂ ಅವನಿಗೆ ಬಾಯಲ್ಲಿರಬೇಕು.

ಹತ್ತುವವನಿಗೆ ಫುಲ್ ಬಾಡಿ ಹಾರ್ನೆಸ್ (ಮೈಗೆಲ್ಲ ಬಿಗಿಯುವ ಸುರಕ್ಷಾ ಪಟ್ಟಿ), 13 ಮಿ.ಮೀ. ಹಗ್ಗ. ಗರಗಸ ಆಡಿಸುವಾಗ ಹಗ್ಗದ ಜೊತೆ ಸೊಂಟದ ಪಟ್ಟಿಯೂ ಮರಕ್ಕೆ ಬಿಗಿದಿರಬೇಕು, ಒಂದು ಕೊಯ್ದರೂ ಇನ್ನೊಂದು ಹಿಡಿಯಬೇಕು. ಹಗ್ಗ ಎಲ್ಲಾದರೂ ಕರಗಿ ಹೊಳಪಾಗಿದ್ದರೆ, ಎಳೆ ಹರಿದಿದ್ದರೆ ಅವತ್ತೇ ತುಂಡು ಮಾಡಿ ಬಿಸಾಡುತ್ತೇವೆ. ಇಡಿಯಾಗಿ ಬಿಟ್ಟರೆ ಮರುದಿನ ಯಾರೋ ಅದರಲ್ಲೇ ಹತ್ತಿರುತ್ತಾರೆ. ಕರೆಂಟ್ ಲೈನ್ ಹಾದುಹೋಗುವ ಕಡೆ ಅಲ್ಯೂಮಿನಿಯಂ ಏಣಿ ನಿಷೇಧ. 11 ಕೆವಿ ತಂತಿಯಿಂದ ಆಳು, ಗರಗಸ, ಕೊಂಬೆ ಎಲ್ಲವೂ ಕನಿಷ್ಠ 3 ಮೀಟರ್ ದೂರ. ಅದಕ್ಕಿಂತ ಹತ್ತಿರವಾದರೆ ವಿದ್ಯುತ್ ಕಂಪನಿ ಸೆಸ್ಕ್‌ನವರು ಲೈನ್ ಆಫ್ ಮಾಡಿಕೊಡುವವರೆಗೆ ಮರ ಮುಟ್ಟುವುದಿಲ್ಲ.

ಎಲ್ಲರೂ ಹಾರಿಸಿಬಿಡುವ ಪಾಠ, ಮೇಲೆ ಎಚ್ಚರ ತಪ್ಪಿದವನನ್ನು ಇಳಿಸುವುದು. ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವವನ ಕಾಲಲ್ಲಿ ರಕ್ತ ನಿಲ್ಲುತ್ತದೆ, ಜೀವಕ್ಕೇ ಅಪಾಯ, ಫೈರ್ ಸರ್ವೀಸಿನವರು ಬರುವವರೆಗೆ ಕಾಯುವಂತಿಲ್ಲ. ಅಭ್ಯಾಸಕ್ಕೆ 50 ಕೆಜಿಯ ಕಾಫಿ ಚೆರಿ ಮೂಟೆಗೆ ಹಾರ್ನೆಸ್ ತೊಡಿಸಿ ಮೇಲೆ ಕಟ್ಟುತ್ತೇವೆ. ವರ್ಷಕ್ಕೆರಡು ಸಲ ಅದನ್ನು ಇಳಿಸಿ ತೋರಿಸದವನ ಹತ್ತುವ ದರ್ಜೆ ರದ್ದು.

ಕೂಲಿಯನ್ನೂ ಬದಲಿಸಬೇಕಾಯಿತು. ಮರಕ್ಕಿಷ್ಟು ಎಂದು ಗುತ್ತಿಗೆ ಇರುವವರೆಗೆ ಯಾರೂ ಮೂರು ಕೊಯ್ತ ಹಾಕುವುದಿಲ್ಲ, ಹಾಕೆಂದು ಹೇಳುವುದೂ ನ್ಯಾಯವಲ್ಲ. ಈಗ ದಿನಗೂಲಿ, ದರ್ಜೆ ಏರಿದರೆ ಕೂಲಿಯೂ ಏರುತ್ತದೆ.

ನವೀಕರಣದ ದಿನ ಪ್ರಶ್ನೆಪತ್ರಿಕೆ ಇಲ್ಲ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಪಕ್ಕದಲ್ಲೇ ಒಂದು ಪುಸ್ತಕವಿದೆ: ಮರದ ನಂಬರು, ತಾರೀಕು, ಕಡಿದವನ ಹೆಸರು. ಅದನ್ನು ಹಿಡಿದು ಕಳೆದ ವರ್ಷ ಅವನೇ ಕಡಿದ ಐದು ಮರಗಳ ಹತ್ತಿರ ಅವನನ್ನೇ ಕರೆದುಕೊಂಡು ಹೋಗುತ್ತೇವೆ. ಕೊಯ್ತ ಸರಿಯಿದ್ದರೆ ಹೊಸ ತೊಗಟೆ ಉದ್ದಿನ ವಡೆಯ ಹಾಗೆ ಸುತ್ತಲೂ ಉಂಗುರ ಕಟ್ಟಿರುತ್ತದೆ. ಕಾಂಡಕ್ಕೆ ಸಮ ಮಾಡಿ ಸವರಿದ್ದರೆ ಎರಡು ಪಕ್ಕದಲ್ಲಿ ಮಾತ್ರ ಬೆಳೆದು, ಮೇಲೆ ಕೆಳಗೆ ಬಾಯಿ ಬಿಟ್ಟಿರುತ್ತದೆ. ಮೋಟು ಉಳಿದಿದ್ದರೆ ಅದು ಒಣಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಐದರಲ್ಲಿ ನಾಲ್ಕು ಸರಿಯಿದ್ದರೆ ಮತ್ತೊಂದು ವರ್ಷಕ್ಕೆ ಸಹಿ. ಇಲ್ಲದಿದ್ದರೆ ಆ ಕಪಾತು ಮುಗಿಯುವವರೆಗೆ ನೆಲದಾಳಿನ ಕೆಲಸ, ಕೈಗೆ ಮತ್ತೆ ಸೀಮೆಸುಣ್ಣ.