‘ಯಾವೂರು, ಯಾರ ಪೈಕಿ?’ ಬಿಟ್ಟು ಡಾಕ್ಟರನ್ನು ಆರಿಸುವುದು ಹೇಗೆ?

ಎಂಡಿ ಮುಗಿಸಿ ಫೆಲೋಶಿಪ್‌ಗೆ (ಒಂದು ವಿಭಾಗದಲ್ಲಿ ಇನ್ನೂ ಹೆಚ್ಚಿನ ತರಬೇತಿ) ಅಂತ ಒಂದು ದೊಡ್ಡ ಆಸ್ಪತ್ರೆಗೆ ಇಂಟರ್‌ವ್ಯೂಗೆ ಹೋಗಿದ್ದೆ. ಮೂವರು ಹಿರಿಯರು ಕೂತಿದ್ದರು. ಮೊದಲ ಪ್ರಶ್ನೆ, ‘ಯಾವೂರು?’ ವಿಜಯಪುರ ಅಂದೆ. ‘ಅಲ್ಲಿ ಯಾರ ಪೈಕಿ?’ ಅದಾದ ಮೇಲೆ ‘ಮದುವೆ ಯಾವಾಗ?’ ಹತ್ತು ನಿಮಿಷದಲ್ಲಿ ರೋಗಿಯ ಬಗ್ಗೆ ಒಂದು ಮಾತೂ ಬರಲಿಲ್ಲ. ಸೀಟು ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅಂತ ಇವತ್ತಿಗೂ ಗೊತ್ತಿಲ್ಲ, ಆ ನೋವೇ ಜಾಸ್ತಿ. ಈಗ ಮೇಜಿನ ಆ ಬದಿಗೆ ನಾನು ಕೂರುತ್ತೇನೆ. ಕಲಿತದ್ದನ್ನು ಬರೆಯುತ್ತಿದ್ದೇನೆ.

ಎಂಡಿ, ಎಂಎಸ್ ಸೀಟಿಗೆ ನಮ್ಮಲ್ಲಿ ಇಂಟರ್‌ವ್ಯೂ ಇಲ್ಲ. ಬೆಳಗಾವಿಯ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿರಲಿ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಕಾಲೇಜಿರಲಿ, ವಿಜಯಪುರದ ಬಿ.ಎಂ. ಪಾಟೀಲ ಕಾಲೇಜಿರಲಿ, ನೀಟ್ ಪಿಜಿ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಮತ್ತು ಕೌನ್ಸೆಲಿಂಗ್, ಅಷ್ಟೇ. ಆದರೆ ಅದರಾಚೆ ಆಸ್ಪತ್ರೆಗಳು ತಾವೇ ನಡೆಸುವ ಫೆಲೋಶಿಪ್, ಸೀನಿಯರ್ ರೆಸಿಡೆಂಟ್ ಹುದ್ದೆ (ಎಂಡಿ, ಎಂಎಸ್ ಮುಗಿಸಿದವರ ಮುಂದಿನ ಹುದ್ದೆ) ಇವಕ್ಕೆ ಸಾಮಾನ್ಯವಾಗಿ ಇಂಟರ್‌ವ್ಯೂ ಇರುತ್ತದೆ. ಅಮೆರಿಕ, ಬ್ರಿಟನ್‌ಗೆ ತರಬೇತಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಲ್ಲೂ ಹೆಚ್ಚಿನವರು ಇದನ್ನು ದಾಟಬೇಕು.

ಸುಮ್ನೆ ಕೂತು ಮಾತಾಡಿಸಿದರೆ ಮನುಷ್ಯ ಎಂಥವನು ಅಂತ ಗೊತ್ತಾಗುತ್ತದೆ ಅನ್ನುವ ನಂಬಿಕೆ ನಮಗೆಲ್ಲ ಇದೆ. ಅದು ನಿಜವಲ್ಲ. 1979ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಮೆಡಿಕಲ್ ಕಾಲೇಜು ಆಯ್ಕೆ ಮುಗಿಸಿದ ಮೇಲೆ, ಇನ್ನೂ 50 ಜನರನ್ನು ಸೇರಿಸಿಕೊಳ್ಳಬೇಕಾಯಿತು. ಉಳಿದಿದ್ದವರು ಹೆಚ್ಚಾಗಿ ಇಂಟರ್‌ವ್ಯೂನಲ್ಲಿ ಹಿಂದೆ ಬಿದ್ದವರೇ. ಮುಂದೆ ನೋಡಿದರೆ, ಮೊದಲು ಆರಿಸಿದವರಿಗೂ ಇವರಿಗೂ ಓದಿನಲ್ಲಾಗಲಿ, ವಾರ್ಡಿನ ಕೆಲಸದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದಮೇಲೆ ಆ ಇಂಟರ್‌ವ್ಯೂ ಅಳೆದದ್ದಾದರೂ ಏನನ್ನು?

ಮೊದಲು: ಏನು ಬೇಕು ಅಂತ ಬರೆಯಿರಿ

ಅರ್ಜಿ ಕರೆಯುವ ಮುಂಚೆಯೇ ಇದು ಆಗಬೇಕು. ಪ್ರೊಫೆಸರ್‌ಗಳು ಮಾತ್ರ ಕೂತರೆ ಸಾಲದು, ನರ್ಸ್‌ಗಳನ್ನೂ ಕೇಳಿ. ನಮ್ಮ ಐಸಿಯು ಸಿಸ್ಟರ್ ಹೇಳಿದ್ದು ಇಷ್ಟೇ: ‘ರಾತ್ರಿ ಎರಡಕ್ಕ ಫೋನ್ ಮಾಡಿದ್ರ ಬೈಯದೇ ಬರೋರು ಬೇಕ್ರಿ ಮೇಡಂ.’ ನಮ್ಮ ಪಟ್ಟಿಯಲ್ಲಿ ಮೊದಲು ಬಂದದ್ದು ಅದೇ. ಇಂಥ ನಾಲ್ಕೈದು ಗುಣ ಸಾಕು. ಪುಸ್ತಕದ ಜ್ಞಾನವನ್ನು ಪರೀಕ್ಷೆ ಆಗಲೇ ಅಳೆದಿದೆ, ಮತ್ತೆ ಅದನ್ನೇ ಕೆದಕಬೇಡಿ.

ಒಂದೇ ಕೋಣೆ ಬೇಡ

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ದಾರಿ ತೋರಿಸಿದರು, 2004ರಲ್ಲಿ ಅದರ ವರದಿ ಬಂತು. ಒಂದು ಉದ್ದದ ಇಂಟರ್‌ವ್ಯೂ ಬದಲು ಸಣ್ಣಸಣ್ಣವು ಹಲವು. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬ ಪರೀಕ್ಷಕ, ಒಂದೊಂದು ಸಂದರ್ಭ. ಬಾಗಿಲ ಹೊರಗೆ ಓದಿಕೊಳ್ಳಲು 2 ನಿಮಿಷ, ಒಳಗೆ 8 ನಿಮಿಷ. ಬೆಲ್ ಆದರೆ ಮುಂದಿನ ಕೋಣೆ.

ಅಷ್ಟು ಜನ ಎಲ್ಲಿಂದ ತರೋದು ಅಂತೀರಾ? ಲೆಕ್ಕ ಹಾಕಿ. 24 ಅಭ್ಯರ್ಥಿಗಳಿದ್ದಾರೆ ಅನ್ನಿ. ಮೂವರು ಕೂತು ಒಬ್ಬೊಬ್ಬರಿಗೆ 20 ನಿಮಿಷ ಕೊಟ್ಟರೆ 8 ತಾಸು. ಆರು ಕೋಣೆ ಮಾಡಿದರೆ ಒಂದು ತಾಸಿಗೆ ಆರು ಜನ ಮುಗಿಯುತ್ತಾರೆ, 4 ತಾಸಿಗೆ ಎಲ್ಲರೂ. ಮೂವರ 8 ತಾಸೂ ಆರು ಜನರ 4 ತಾಸೂ ಒಂದೇ, ಅಲ್ವಾ? ಮಧ್ಯಾಹ್ನದ ಊಟದೊಳಗೆ ಎಲ್ಲರೂ ಓಪಿಡಿಗೆ ಮರಳಬಹುದು. ಇನ್ನೂ ದೊಡ್ಡ ಲಾಭ ಅಭ್ಯರ್ಥಿಗೆ: ಒಂದು ಕೋಣೆಯಲ್ಲಿ ಎಡವಿದರೂ ಐದು ಕೋಣೆ ಉಳಿದಿರುತ್ತವೆ, ಹೊಸ ಪರೀಕ್ಷಕರಿಗೆ ಆ ಎಡವಟ್ಟು ಗೊತ್ತೇ ಇರುವುದಿಲ್ಲ.

ಪ್ರಶ್ನೆ ವಾರ್ಡಿನಿಂದಲೇ ಬರಲಿ

‘ನಿಮ್ಮ ದೌರ್ಬಲ್ಯ ಏನು?’ ಅನ್ನುವುದಕ್ಕೆ ಎಲ್ಲರೂ ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ‘ಡ್ಯೂಟಿಯಲ್ಲಿ ನಿಮ್ಮಿಂದಾದ ಒಂದು ತಪ್ಪು ಹೇಳಿ. ಅದನ್ನು ಯಾರಿಗೆ, ಯಾವಾಗ ತಿಳಿಸಿದಿರಿ?’ ಅಂತ ಕೇಳಿ ನೋಡಿ.

ಒಂದು ಕೋಣೆಯಲ್ಲಿ ನಾವು ಹೀಗೆ ಮಾಡಿದೆವು. ನಮ್ಮ ವಾರ್ಡಿನ ಸಿಬ್ಬಂದಿಯೊಬ್ಬರು ತಿಕೋಟಾ ಕಡೆಯ ರೈತನಾಗಿ ಕೂತರು. ತಾಯಿಗೆ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿದೆ. ‘ಅವ್ವಗ ಎಂಬತ್ತ ವರ್ಷ ಆಗ್ಯಾವ್ರಿ. ಆಪರೇಷನ್ ಬ್ಯಾಡ್ರಿ, ಮನಿಗೆ ಕರ್ಕೊಂಡ್ ಹೋಗ್ತೀವಿ.’ ಒಬ್ಬ ಅಭ್ಯರ್ಥಿ ನಿಂತಲ್ಲೇ ಶುರು ಮಾಡಿದ: ಬೆಡ್‌ಸೋರ್ (ಮಲಗಿದ್ದಲ್ಲೇ ಆಗುವ ಹುಣ್ಣು), ನ್ಯುಮೋನಿಯಾ, ರಿಸ್ಕ್. ಎಲ್ಲ ಸರಿಯೇ. ರೈತ ತಲೆ ತಗ್ಗಿಸಿಯೇ ಇದ್ದ. ಇನ್ನೊಬ್ಬಾಕೆ ಕುರ್ಚಿ ಎಳೆದುಕೊಂಡು ಪಕ್ಕ ಕೂತು, ‘ಮನ್ಯಾಗ ಯಾರ‍್ಯಾರ ಇರ್ತೀರಿ ಕಾಕಾ?’ ಅಂದಳು. ಆಗ ಹೊರಬಂತು: ದ್ರಾಕ್ಷಿ ಕಟಾವು ನಡೆದಿದೆ, ಆಸ್ಪತ್ರೆಯಲ್ಲಿ ಇರಲು ಯಾರೂ ಇಲ್ಲ. ಈ ಸಂಗತಿ ಪಾತ್ರದ ಚೀಟಿಯಲ್ಲಿ ಇತ್ತು, ಆದರೆ ಕೇಳಿದರೆ ಮಾತ್ರ ಹೇಳಬೇಕು ಅಂತ ಬರೆದಿದ್ದೆವು.

ಅಂಕದ ಅಳತೆ ಮೊದಲೇ ಇರಲಿ

1ರಿಂದ 5 ಅಂತ ಬರೆದುಬಿಟ್ಟರೆ ಆಗಲಿಲ್ಲ. ಒಬ್ಬರ 3 ಇನ್ನೊಬ್ಬರ 5 ಆಗುತ್ತದೆ. ಮೇಲಿನ ಕೋಣೆಗೆ ನಮ್ಮ ಅಳತೆ ಹೀಗಿತ್ತು: ತಾನೇ ಮಾತಾಡಿ ಮುಗಿಸಿದರೆ 1. ತಿಳಿಯುವ ಭಾಷೆಯಲ್ಲಿ ವಿವರಿಸಿದರೆ 3. ಕಾರಣ ಕೇಳಿ ತಿಳಿದು, ಅದಕ್ಕೊಂದು ದಾರಿ ಹುಡುಕಿದರೆ 5.

ಅಭ್ಯರ್ಥಿ ಬಾಗಿಲು ದಾಟುತ್ತಿದ್ದ ಹಾಗೆ ಅಂಕ ಬರೆಯಿರಿ. ಚಹಾ ಕುಡಿಯುತ್ತಾ ‘ಆ ಹುಡುಗ ಹೆಂಗ್ರಿ?’ ಅಂತ ಮಾತ್ರ ಕೇಳಬೇಡಿ. ಹಿರಿಯರು ಬಾಯಿಬಿಟ್ಟರೆ ಕಿರಿಯರ ಅಂಕ ಅವರ ಹಿಂದೆ ಹೋಗಿಬಿಡುತ್ತದೆ. ಹಾಳೆಗಳನ್ನೆಲ್ಲ ಕೂಡಿಸಿದ ಮೇಲೆ ಬೇಕಾದಷ್ಟು ಚರ್ಚೆ ಮಾಡಿ.

ಜಾತಿ, ಮದುವೆ, ಮಕ್ಕಳು, ಅಪ್ಪನ ಕೆಲಸ ಕೇಳಲೇಬೇಡಿ. ಇಂಗ್ಲಿಷ್ ತಡವರಿಸಿದರೆ ಅಂಕ ಕಡಿಯಬೇಡಿ. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ರೋಗಿಯನ್ನು ಮಾತಾಡಿಸಬಲ್ಲ ಡಾಕ್ಟರ್ ಎಷ್ಟು ಉಪಯೋಗ ಅಂತ ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಇಂಟರ್‌ವ್ಯೂಗೆ ಹೋಗುವವರಿಗೆ ಒಂದು ಮಾತು. ನಿಮ್ಮ ಹೌಸ್ ಸರ್ಜನ್ (ಎಂಬಿಬಿಎಸ್ ಕೊನೆಯ ಆಸ್ಪತ್ರೆ ತರಬೇತಿ) ದಿನಗಳ ಮೂರು ನಿಜ ಘಟನೆ ಬರೆದಿಟ್ಟುಕೊಳ್ಳಿ. ಏನಾಯಿತು, ನೀವೇನು ಮಾಡಿದಿರಿ, ಕೊನೆಗೆ ಏನಾಯಿತು. ರೋಗಿಯ ಹೆಸರು ಹೇಳಬೇಡಿ.

ನಡೆಸುವವರು ಹಾಳೆಗಳನ್ನು ಬಿಸಾಡಬೇಡಿ. ಆಯ್ಕೆಯಾಗದವರು ಕೇಳಿದರೆ ಯಾವ ಕೋಣೆಯಲ್ಲಿ ಅಂಕ ಹೋಯಿತು ಅಂತ ಹೇಳಿ. ಒಂದು ವರ್ಷ ಬಿಟ್ಟು ಅದೇ ಹಾಳೆಗಳನ್ನು ತೆಗೆದು, ಆಯ್ಕೆಯಾದವರು ವಾರ್ಡಿನಲ್ಲಿ ಹೇಗಿದ್ದಾರೆ ಅಂತ ಪಕ್ಕದಲ್ಲಿಟ್ಟು ನೋಡಿ. ಯಾವ ಕೋಣೆಯ ಅಂಕಕ್ಕೂ ಕೆಲಸಕ್ಕೂ ತಾಳೆಯಾಗುತ್ತಿಲ್ಲವೋ, ಆ ಕೋಣೆಯ ಪ್ರಶ್ನೆ ಬದಲಿಸಿ. ನಾವು ಮೊದಲ ವರ್ಷವೇ ಎರಡು ಬದಲಿಸಿದೆವು.